ಹಕಾರದ ಮೇಷ್ಟ್ರು

ಮರಿಲಿಂಗಯ್ಯ ಮೇಷ್ಟ್ರ ಕೈಯಲ್ಲಿ ಬೆತ್ತ ಇರುತ್ತಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಅನ್ನುತ್ತಾರೆ ಅವರ ಹತ್ತಿರ ಓದಿದವರು. ಬೆತ್ತದ ಏಟು ಸಂಜೆಗೆ ಮಾಯುತ್ತದೆ. ಮೇಷ್ಟ್ರ ಮಾತು ಹಾಗಲ್ಲ.

ಮಾತು ಅಂದರೆ ಎರಡೇ ಪದ. "ಇನ್ನೊಂದು ಸಲ."

ಹೊಳೆ ದಂಡೆಯ ಆ ಊರಿನ ಹೈಸ್ಕೂಲಿನಲ್ಲಿ ಅವರು ಕನ್ನಡ ಪಂಡಿತರು. ಆ ಸೀಮೆಯ ನಾಲಿಗೆಗೂ ಹಕಾರಕ್ಕೂ ಎಣ್ಣೆ ಸೀಗೇಕಾಯಿ. ಹಾಲು ಅಲ್ಲಿ ಆಲು. ಹಾವು ಆವು. ಹಕ್ಕಿಯೂ ಅಕ್ಕಿಯೇ, ಅಕ್ಕಿಯೂ ಅಕ್ಕಿಯೇ. ಹಾರಿ ಹೋದದ್ದು ಯಾವುದು, ಬೆಂದು ಅನ್ನವಾದದ್ದು ಯಾವುದು ಅಂತ ಕೇಳಿದವರೇ ಗೊತ್ತು ಮಾಡಿಕೊಳ್ಳಬೇಕು.

ಎಂಟನೇ ಕ್ಲಾಸಿನ ಮೊದಲ ದಿನವೇ ಮೇಷ್ಟ್ರು ಎಲ್ಲರಿಂದಲೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಸುತ್ತಿದ್ದರು.

"ಹಾಲು ಅನ್ನಿ. ಅಂಗೈ ಬೆಚ್ಚಗಾಯ್ತಾ? ಇಲ್ವಾ? ಇನ್ನೊಂದು ಸಲ."

ಬೆಚ್ಚಗಾಗುವ ತನಕ ಬಿಡುತ್ತಿರಲಿಲ್ಲ. ಬೆಲ್ಲು ಹೊಡೆದರೂ ಅಷ್ಟೇ, ಹೊಟ್ಟೆ ಹಸಿದರೂ ಅಷ್ಟೇ.

ವಾರ ಕಳೆಯುವುದರೊಳಗೆ ಬೇರೆಯದೇ ರಗಳೆ ಶುರುವಾಗುತ್ತಿತ್ತು. ಹಕಾರ ಒಂದು ಸಾರಿ ನಾಲಿಗೆಗೆ ಹತ್ತಿದ್ದೇ, ಹುಡುಗರು ಅದನ್ನು ಕಂಡಕಂಡಲ್ಲಿ ಮೆತ್ತುತ್ತಿದ್ದರು. ಮನೆಗೆ ಹೋಗಿ "ಹಮ್ಮಾ, ಹನ್ನ ಹಾಕು" ಅನ್ನುತ್ತಿದ್ದರು. ಮಗುವಿಗೆ ಗಾಳಿಗೀಳಿ ಸೋಕಿತೇನೋ ಅಂತ ಹೆದರಿ ಒಂದು ವರ್ಷ ನಾಲ್ಕಾರು ತಾಯಂದಿರು ಸ್ಕೂಲಿಗೇ ಬಂದರಂತೆ.

ಮೇಷ್ಟ್ರು ಅವರನ್ನು ಕೂರಿಸಿ, ನೀರು ಕೊಟ್ಟು, ಸಮಾಧಾನ ಹೇಳಿ ಕಳಿಸಿದರು. ಆಮೇಲೆ ಕ್ಲಾಸಿನ ಕಡೆ ತಿರುಗಿದರು.

"ಅವ್ವನ ಮಾತು ಅವ್ವನ ಹತ್ತಿರ ಆಡಿ. ಅವಳನ್ನ ತಿದ್ದೋಕೆ ಹೋದೋರ ಕಿವಿ ಹಿಂಡ್ತೀನಿ. ನಮ್ಮವ್ವ ಸಾಯೋ ತನಕ ನನ್ನ ಅಟಮಾರಿ ಅಂತಲೇ ಕರೆದಳು, ಹಟಮಾರಿ ಅನ್ನಲಿಲ್ಲ. ಇಲ್ಲಿ ಎರಡನೇದು ಕಲೀರಿ. ಕೈ ಎರಡು ಬಳಸ್ತೀರಲ್ಲ, ನಾಲಿಗೆಗೇನು ಬಂತು?"

ಇಂಥ ಮೇಷ್ಟ್ರು ರಿಟೈರಾಗಿ ಎಷ್ಟೋ ಕಾಲವಾದ ಮೇಲೆ, ಅವರ ಹಳೇ ಶಿಷ್ಯರೆಲ್ಲ ಸೇರಿ ಒಂದು ಭಾನುವಾರ ಗುರುವಂದನೆ ಇಟ್ಟುಕೊಂಡರು. ಅದೇ ಸ್ಕೂಲು, ಅದೇ ಬಯಲು. ಶಾಮಿಯಾನ ಹಾಕಿದರು. ಮೈಕು ತರಿಸಿದರು. ಇನ್ನು ಮೇಷ್ಟ್ರನ್ನು ಕರೆತರುವುದು ಬಾಕಿ.

ತಿಂಡಿಯ ಹೊತ್ತಿಗೆ ಎಲ್ಲರೂ ಹಳೇ ಬೆಂಚುಗಳ ಮೇಲೆ ಕೂತು ಮೇಷ್ಟ್ರನ್ನು ನೆನೆಸಿಕೊಳ್ಳತೊಡಗಿದರು. ನೆನೆಸಿಕೊಳ್ಳುವುದು ಅಂದರೆ ಏನು, ಬೈಸಿಕೊಂಡದ್ದನ್ನು ಹೇಳಿಕೊಳ್ಳುವುದು. ಅದೂ ಎಂಥ ಜಂಬದಿಂದ ಅಂತೀರಿ!

ಕೆಂಪರಾಜು ಈಗ ಮದುವೆ ಮನೆಗಳಿಗೆ ಅಡುಗೆ ಮಾಡಿಸುವ ಕಂಟ್ರಾಕ್ಟರು. ಅವನಿಗೆ ಸ್ಕೂಲಿನ ನಾಟಕದಲ್ಲಿ ಹರಿಶ್ಚಂದ್ರನ ಪಾರ್ಟು ಸಿಕ್ಕಿತ್ತಂತೆ. "ಅರಿಶ್ಚಂದ್ರ ನಾನು" ಅಂತ ಅಂದದ್ದಕ್ಕೆ, ಸರಿಯಾಗಿ ಬರುವ ತನಕ ಮೇಷ್ಟ್ರು ಅವನನ್ನು ಸುಡುಗಾಡಿನ ಸೀನಿನಿಂದ ಆಚೆ ಬಿಡಲಿಲ್ಲವಂತೆ. ಈಗಲೂ ಹಪ್ಪಳ ಕರಿಯುವಾಗ ತನ್ನ ಅಂಗೈ ತಾನೇ ಬಾಯಿಗೆ ಹೋಗುತ್ತದೆ ಅಂತ ಅವನು ಹೇಳಿದಾಗ ಬೆಂಚುಗಳು ಅಲ್ಲಾಡುವಂತೆ ನಕ್ಕರು.

ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಎಲ್ಲರಿಗೂ ಒಂದೊಂದು "ಇನ್ನೊಂದು ಸಲ" ಇತ್ತು. ಚಿಕ್ಕತಾಯಿಗೆ ಮಾತ್ರ ಇರಲಿಲ್ಲ.

ಚಿಕ್ಕತಾಯಿ ಜಿಲ್ಲಾ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವಳು. ದೇವರು ಹುಡುಕಿ ಹುಡುಕಿ ಅವಳಿಗೆ ಆ ಕೆಲಸ ಕೊಟ್ಟಂತಿತ್ತು. ಹುಣಸೂರು, ಹಾಸನ, ಹೊಳೆನರಸೀಪುರ, ಹೆಗ್ಗಡದೇವನಕೋಟೆ. ಬೆಳಗಿನಿಂದ ಸಂಜೆ ತನಕ ಹಕಾರ. ಒಂದೂ ತಪ್ಪುತ್ತಿರಲಿಲ್ಲ.

"ಎಲ್ಲರ ಪರವಾಗಿ ಮಾತಾಡೋಳು ನೀನೇ ಕಣಮ್ಮ," ಅಂತ ಕೆಂಪರಾಜು ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ. "ಮೈಕು ನಿನಗೆ ಹೊಸದಲ್ಲ. ಮೇಷ್ಟ್ರು ನಿನ್ನ ಹೆಂಗೆ ತಿದ್ದಿದರು, ಅದನ್ನು ಹೇಳಿಬಿಡು. ಸಾಕು."

ಅಲ್ಲೇ ಇತ್ತು ಎಡವಟ್ಟು. ಮೇಷ್ಟ್ರು ಅವಳನ್ನು ತಿದ್ದಿರಲಿಲ್ಲ. ಹೈಸ್ಕೂಲು ಮುಗಿಯುವ ತನಕ ಒಂದೇ ಒಂದು ಸಲವೂ ತಿದ್ದಿರಲಿಲ್ಲ.

ಅವಳ ನಾಲಿಗೆಯೇನೂ ಬಂಗಾರದ್ದಲ್ಲ. ಮಿಡ್ಲ್ ಸ್ಕೂಲಿನಲ್ಲಿ ಯಾರೋ ಅವಳ ಮಾತನ್ನು ಅಣಕಿಸಿ, ಇಡೀ ಕ್ಲಾಸು ನಕ್ಕು, ಅವಳು ಮಾತನ್ನೇ ಬಿಟ್ಟಿದ್ದಳು. ಎಂಟನೇ ಕ್ಲಾಸಿಗೆ ಬಂದಾಗ ಅವಳನ್ನು ಮೂಗಿ ಅಂತಲೇ ತಿಳಿದವರಿದ್ದರು. ಮೊದಲ ದಿನ ಎಲ್ಲರೂ ಹಾಲು ಅಂದಾಗಲೂ ಅವಳು ಬರೀ ತುಟಿ ಆಡಿಸಿದ್ದಳು. ಮೇಷ್ಟ್ರ ಕ್ಲಾಸಿನಲ್ಲಿ ಮೊದಲ ಸಾರಿ ಬಾಯಿ ಬಿಟ್ಟಾಗಲೂ ತಪ್ಪೇ ಬಂತು. ಆದರೂ ಮೇಷ್ಟ್ರು ಅವಳಿಗೆ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ.

ಬೈದು ಹೇಳುವವರು ಬದುಕೋಕೆ ಹೇಳುತ್ತಾರೆ ಅನ್ನುವ ಮಾತನ್ನು ಅವಳು ಬೇಕಾದಷ್ಟು ಸಲ ಕೇಳಿದ್ದಳು. ಹಾಗಾದರೆ ಬೈಯದೇ ಬಿಟ್ಟವರು? ಇದು ಉದ್ಧಾರವಾಗುವ ಪೈಕಿ ಅಲ್ಲ ಅಂತ ಬಿಟ್ಟರಾ? ಈ ಒಂದು ಅನುಮಾನ ಅವಳನ್ನು ಇಷ್ಟು ವರ್ಷ ತಿಂದಿತ್ತು. ಎಲ್ಲರೂ ನಗುವಾಗ ಅವಳಿಗೆ ಅಳು ಬಂದಂತಾಯಿತು.

ಮೇಷ್ಟ್ರನ್ನು ಕರೆತರಲು ಅವಳೇ ಹೊರಟಳು. ಕೇಳಿಯೇ ಬಿಡಬೇಕು. ಅವರ ಲೆಕ್ಕದಲ್ಲಿ ತಾನು ಇರಲಿಲ್ಲ ಅನ್ನುವುದಾದರೆ, ಅವರ ಶಿಷ್ಯೆ ಅಂತ ಮೈಕಿನ ಮುಂದೆ ನಿಲ್ಲುವುದಕ್ಕೆ ತನಗೆ ಯಾವ ಹಕ್ಕಿದೆ? ಹಾಗಾದರೆ ಬೇರೆ ಯಾರಾದರೂ ಮಾತಾಡಿಕೊಳ್ಳಲಿ.

ಜೊತೆಗೆ ಸರ್ವಮಂಗಳ ಬಂದಳು. ಎಂಟರಿಂದ ಹತ್ತರ ತನಕ ಚಿಕ್ಕತಾಯಿಯ ಪಕ್ಕದಲ್ಲೇ ಕೂತವಳು. ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಬಾಯಿ ಸ್ವಲ್ಪ ಜೋರು.

ಮೇಷ್ಟ್ರ ಮನೆ ಹೊಳೆಯ ಆಚೆ ದಡದಲ್ಲಿ. ಇಬ್ಬರೂ ಹಳೇ ಸೇತುವೆಯ ಮೇಲೆ ನಡೆದರು.

ಮಂಗಳನಿಗೂ ಒಂದು ಕುದಿ ಇತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡಳು. ಅವಳ ಅಪ್ಪ ತುಮಕೂರಿನ ಕಡೆಯವರು, ಮೇಲಾಗಿ ಪುರಾಣ ಓದುವವರು. ಹಕಾರ ಅವಳಿಗೆ ಹಾಲು ಕುಡಿಯುವಾಗಲೇ ಬಂದಿತ್ತು. ಆದರೂ ಕ್ಲಾಸಿನಲ್ಲಿ ಯಾರಿಗೂ ಬೀಳದಷ್ಟು "ಇನ್ನೊಂದು ಸಲ" ಬಿದ್ದದ್ದು ಅವಳಿಗೇ.

"ಸರಿಯಾಗಿ ಹೇಳಿದರೂ ಇನ್ನೊಂದು ಸಲ! ಮತ್ತೆ ಸರಿಯಾಗಿ ಹೇಳಿದರೂ ಇನ್ನೊಂದು ಸಲ! ಮೊದಲನೇ ಬೆಂಚಲ್ಲಿ ನೆಟ್ಟಗೆ ಕೂತಿದ್ದೋಳನ್ನ ಎಬ್ಬಿಸಿ ತಂದು ಹಿಂದಿನ ಬೆಂಚಿಗೆ ಹಾಕಿದರು. ನಾನೇನು ಅವರ ಗಂಟು ತಿಂದಿದ್ದೆನೇ?"

ಚಿಕ್ಕತಾಯಿ ಮೊದಲು ನಕ್ಕಳು. ಆಮೇಲೆ ನಡಿಗೆ ನಿಧಾನವಾಯಿತು.

"ನಿನ್ನ ಹಿಂದಿನ ಬೆಂಚಿಗೆ ಹಾಕಿದ್ದು ಯಾವಾಗ?"

"ಅದೇ, ನೀನು ಮೊದಲ ಸಲ ಬಾಯಿ ಬಿಟ್ಟೆಯಲ್ಲ, ಅಸು ಅಂತ. ಅವತ್ತು."

ಆ ದಿನ ಇಬ್ಬರಿಗೂ ನೆನಪಿತ್ತು. ಮನೆಯ ಬಗ್ಗೆ ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ ಅಂದಿದ್ದರು ಮೇಷ್ಟ್ರು. ಚಿಕ್ಕತಾಯಿಯ ಸರದಿ ಬಂದಾಗ ಅವಳು ಎದ್ದು ನಿಂತು, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದಳು: "ನಮ್ಮನೇಲಿ ಒಂದು ಅಸು ಐತೆ ಸಾ."

ಎಲ್ಲೋ ಒಬ್ಬ ಕಿಸಕ್ ಅಂದ.

ಮೇಷ್ಟ್ರು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಅಸು' ಅಂತ ಬರೆದರು. "ಅಸು ಅಂದರೆ ಪ್ರಾಣ," ಅಂದರು. "ಕರೆಯೋ ಹಸು ಇರೋ ಮನೇಲಿ ಪ್ರಾಣ ಇರುತ್ತೆ. ಇದರಲ್ಲಿ ನಗೋದೇನು?"

ಕಿಸಕ್ ಅಂದವನು ತಲೆ ಬಗ್ಗಿಸಿದ. ಆಮೇಲೆ ಮೇಷ್ಟ್ರು ಮಂಗಳನನ್ನು ಕರೆದು ಚಿಕ್ಕತಾಯಿಯ ಪಕ್ಕ ಕೂರಿಸಿ, "ಹಸು ಅನ್ನು," ಅಂದರು. ಅಂದಳು. "ಇನ್ನೊಂದು ಸಲ." ಅಂದಳು. "ಇನ್ನೊಂದು ಸಲ."

ಚಿಕ್ಕತಾಯಿ ಸೇತುವೆಯ ಕಟ್ಟೆ ಹಿಡಿದು ನಿಂತುಬಿಟ್ಟಳು.

"ಮಂಗಳಾ, ಬೇರೆ ಯಾವ ಯಾವ ಪದಕ್ಕೆ ನಿನಗೆ ಇನ್ನೊಂದು ಸಲ ಅಂದಿದ್ದರು? ನೆನಪು ಮಾಡ್ಕೋ."

ಮಂಗಳ ನೆನಪು ಮಾಡಿಕೊಂಡಳು. ಹುಣಿಸೆ. ಹಗ್ಗ. ಹೊಂಬಾಳೆ. ಅವಳು ಒಂದೊಂದು ಹೇಳುತ್ತಿದ್ದಂತೆ ಚಿಕ್ಕತಾಯಿ ಬೆರಳು ಮಡಚಿ ಎಣಿಸಿದಳು. ಅಷ್ಟೂ ತಾನು ಅದಕ್ಕೆ ಸ್ವಲ್ಪ ಮೊದಲು ತಪ್ಪು ಹೇಳಿದ ಪದಗಳು. ತಾನು ಉಣಿಸೆ ಅಂದು ಕೂತಾಗ ಪಕ್ಕದವಳು ಎದ್ದು ಹುಣಿಸೆ ಹುಣಿಸೆ ಅನ್ನುತ್ತಿದ್ದಳು. ಡೆಸ್ಕಿನ ಕೆಳಗೆ ತನ್ನ ಅಂಗೈ ಕದ್ದು ಬಾಯಿಯ ಹತ್ತಿರ ಬರುತ್ತಿತ್ತು.

ಹಾಗೇ ಅಲ್ಲವೇ ತಾನು ಕಲಿತದ್ದು! ಕದ್ದು ಕಲಿತೆ ಅಂತ ಇಷ್ಟು ದಿನ ಅಂದುಕೊಂಡಿದ್ದಳು.

ಆದರೆ ಮೇಷ್ಟ್ರು ಬೇಕಂತಲೇ ಹಾಗೆ ಮಾಡಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ತನಗೆ ಬೇಕಾದ ಹಾಗೆ ತಾನೇ ಕಥೆ ಕಟ್ಟಿಕೊಳ್ಳುತ್ತಿದ್ದೇನಾ? ಮೇಷ್ಟ್ರ ಬಾಯಿಂದಲೇ ಕೇಳಬೇಕು. ಸೇತುವೆಯ ಉಳಿದರ್ಧವನ್ನು ಇಬ್ಬರೂ ಸರಸರನೆ ನಡೆದರು.

ಮೇಷ್ಟ್ರು ಹಿತ್ತಲಲ್ಲಿ ಹಂಡೆ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಸಣ್ಣಗಾಗಿದ್ದರು. ಕನ್ನಡಕ ಮಾತ್ರ ಅದೇ ದಪ್ಪ. ಹಿಂದಿನ ದಿನದ ಸೋನೆಗೆ ಸೌದೆ ನೆನೆದಿತ್ತು. ಸ್ನಾನದ ನೀರು ಕಾಯುತ್ತಿರಲಿಲ್ಲ.

ಇಬ್ಬರೂ ಕಾಲಿಗೆ ನಮಸ್ಕಾರ ಮಾಡಿದರು. ಇಬ್ಬರ ಹೆಸರನ್ನೂ ಮೇಷ್ಟ್ರು ಯೋಚಿಸದೆ ಹೇಳಿದರು. ಗಂಡ ಮಕ್ಕಳು ಹೇಗಿದ್ದಾರೆ ಅಂತ ಕೇಳಿದರು. ಯಾಕೆ ಬಂದಿರಿ ಅಂತ ಮಾತ್ರ ಕೇಳಲಿಲ್ಲ.

ಚಿಕ್ಕತಾಯಿ ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟಳು.

"ಸಾರ್, ನೀವು ಎಲ್ಲರನ್ನೂ ತಿದ್ದಿದಿರಿ. ನನ್ನ ಒಬ್ಬಳನ್ನ ಯಾಕೆ ತಿದ್ದಲಿಲ್ಲ?"

ಮೇಷ್ಟ್ರು ಊದುಗೊಳವೆಯನ್ನು ಅವಳ ಕೈಗೆ ಕೊಟ್ಟರು. "ಮೊದಲು ಇದನ್ನ ಹೊತ್ತಿಸು," ಅಂದರು.

ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತಳು. ಒಲೆಯ ಬಾಯಲ್ಲಿ ಒಂದು ಹಸಿ ತುಂಡು ಹೊಗೆಯಾಡುತ್ತಿತ್ತು. ಅದಕ್ಕೇ ಗುರಿಯಿಟ್ಟು ಊದಿದಳು. ಬುಸ್ಸೆಂದು ಬೂದಿ ಎದ್ದಿತು. ಇನ್ನೂ ಜೋರಾಗಿ ಊದಿದಳು. ಹೊಗೆ ಕಣ್ಣಿಗೆ ತುಂಬಿಕೊಂಡಿತು. ತುಂಡಿನ ತುದಿಯಲ್ಲಿದ್ದ ಒಂದು ಚೂರು ಕೆಂಪೂ ಆರಿಹೋಯಿತು.

ಕೆಮ್ಮುತ್ತ ಕಣ್ಣೊರೆಸಿಕೊಂಡಳು.

"ಹಸಿ ಸೌದೆಗೆ ಊದಿದರೆ ಏನು ಬರುತ್ತೆ?" ಮೇಷ್ಟ್ರು ಕೇಳಿದರು.

"ಹೊಗೆ ಸಾರ್."

"ಪಕ್ಕದಲ್ಲಿ ಒಣಗಿದ್ದು ಒಂದಿದೆ ನೋಡು."

ಇತ್ತು. ಹಸಿ ತುಂಡಿಗೆ ತಾಗಿಕೊಂಡೇ ಒಂದು ಒಣ ಸೀಳು ಸಣ್ಣಗೆ ಉರಿಯುತ್ತಿತ್ತು. ಚಿಕ್ಕತಾಯಿ ಊದುಗೊಳವೆಯನ್ನು ಅತ್ತ ತಿರುಗಿಸಿ ಊದಿದಳು. ಅದು ಧಗ್ಗನೆ ಹತ್ತಿತು. ಮತ್ತೆ ಊದಿದಳು. ಮತ್ತೆ.

ಹಸಿ ತುಂಡಿನ ಹಿಂದಿನ ತುದಿಯಲ್ಲಿ ನೀರು ಸೊಯ್ಯೆಂದು ಕುದಿದು ತೊಟ್ಟಿಕ್ಕಿತು. ಹೊಗೆ ತೆಳ್ಳಗಾಯಿತು. ಯಾರೂ ಅದರ ತಂಟೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ತಾನಾಗಿ ಹೊತ್ತಿಕೊಂಡಿತು.

 ಮೊದಲು ಬಾಯಿ ಬಿಟ್ಟವಳು ಮಂಗಳ.

"ಅಂದರೆ ಒಣ ಸೌದೆ ನಾನಾ ಸಾರ್?"

"ನೀನು ಬರುವಾಗಲೇ ಉರೀತಾ ಬಂದಿದ್ದೆ."

"ಇಷ್ಟು ವರ್ಷ ನಿಮ್ಮ ಮೇಲೆ ಉರ್ಕೊಂಡೇ ಇದ್ದೆ," ಅಂದಳು ಮಂಗಳ. ಹಾಗಂದವಳೇ ಸೆರಗಿನಿಂದ ಮೂಗೊರೆಸಿಕೊಂಡಳು. "ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸಾರ್? ಇಂಥದ್ದಕ್ಕೆ ಅಂತ ಗೊತ್ತಿದ್ದರೆ ಬೇಕಾದಷ್ಟು ಸಲ ಹೇಳ್ತಿದ್ದೆ."

"ಗೊತ್ತಿದ್ದರೆ ಹೇಳುವಾಗ ನೀನು ಅವಳ ಮುಖ ನೋಡ್ತಿದ್ದೆ. ನೀನು ನೋಡಿದರೆ ಕ್ಲಾಸೆಲ್ಲ ನೋಡ್ತಿತ್ತು."

 ಆಮೇಲೆ ಮೇಷ್ಟ್ರು ಸ್ವಲ್ಪ ತಗ್ಗಿದ ದನಿಯಲ್ಲಿ, ನಿನಗೆ ನೋವಾಗುತ್ತಿದ್ದದ್ದು ನನಗೆ ಕಾಣದೆ ಇರಲಿಲ್ಲ ಅಂದರು. ಮಂಗಳ, ಬಿಡಿ ಸಾರ್, ಆಸ್ಪತ್ರೆಯಲ್ಲಿ ಡಾಕ್ಟರು ಇದಕ್ಕಿಂತ ಬೈತಾರೆ ಅಂತ ನಕ್ಕುಬಿಟ್ಟಳು.

ಚಿಕ್ಕತಾಯಿಯ ಕಣ್ಣಲ್ಲಿ ನೀರು ಬರುತ್ತಲೇ ಇತ್ತು. ಹೊಗೆ ಅಂತ ಹೇಳಿಕೊಳ್ಳೋಣ ಅಂದರೆ ಹೊಗೆ ಆಗಲೇ ಹೋಗಿತ್ತು. ಅವಳಿಗೆ ಇನ್ನೂ ಒಂದು ಉಳಿದಿತ್ತು.

"ಆಮೇಲಾದರೂ ತಿದ್ದಬಹುದಿತ್ತಲ್ಲ ಸಾರ್? ಹತ್ತನೇ ಕ್ಲಾಸಿನ ಹೊತ್ತಿಗೆ ನಾನು ಮಾತಾಡ್ತಿದ್ದೆ. ಎಲ್ಲರಿಗೂ ಅಂದ ಹಾಗೆ ನನಗೂ ಒಂದು ಸಲ ಅಂದಿದ್ದರೆ..." ಮುಂದಕ್ಕೆ ಹೇಳಲು ಅವಳಿಗೆ ನಾಚಿಕೆಯಾಯಿತು. "ನಾನು ನಿಮ್ಮ ಲೆಕ್ಕದಲ್ಲೇ ಇಲ್ಲ ಅಂದ್ಕೊಂಡಿದ್ದೆ."

ಮೇಷ್ಟ್ರು ಎದ್ದು ಹಂಡೆಯ ಮುಚ್ಚಳ ತೆಗೆದು ಬೆರಳದ್ದಿ ನೋಡಿದರು. ಇನ್ನೂ ಬಿಸಿಯಾಗಿರಲಿಲ್ಲ. ಬಂದು ಕಲ್ಲಿನ ಮೇಲೆ ಕೂತರು.

"ಹೋದ ಬೇಸಿಗೇಲಿ ಹುಣಸೂರಿಗೆ ಹೋಗಬೇಕಿತ್ತು," ಅಂದರು. "ನಿಮ್ಮ ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ. ಹುಣಸೂರಿನ ಬಸ್ಸು ಬಂದು ನಿಂತಿದೆ ಅಂತ ನೀನು ಕೂಗಿದೆ."

"ಅಯ್ಯೋ, ಬಂದಿದ್ದಿರಾ ಸಾರ್? ಒಳಗೆ ಬಂದು ಹೇಳೋದಲ್ವಾ?"

"ಬಸ್ಸು ಹೋಯ್ತು. ನಾನು ಹತ್ತಲಿಲ್ಲ."

"ಯಾಕೆ ಸಾರ್?"

"ಇನ್ನೊಂದು ಸಲ ಕೂಗ್ತೀಯ ಅಂತ ಕೂತಿದ್ದೆ."

 ಮಂಗಳ ಚಿಕ್ಕತಾಯಿಯ ಬೆನ್ನು ಸವರಿದಳು.

ಕೊನೆಗೆ ಮಂಗಳನೇ ಬಂದ ಕೆಲಸ ನೆನಪು ಮಾಡಿದಳು. ಎಲ್ಲರೂ ಕಾಯುತ್ತಿದ್ದಾರೆ, ಸ್ನಾನ ಮುಗಿಸಿ ಹೊರಡಿ ಸಾರ್, ಕಾರು ಕಳಿಸುತ್ತೇವೆ ಅಂದಳು. ಮೇಷ್ಟ್ರು ತಲೆಯಾಡಿಸಿದರು. ಬಂದರೆ ಹಾರ ಹಾಕುತ್ತಾರೆ, ಹೊಗಳುತ್ತಾರೆ, ಅದನ್ನು ಕೂತು ಕೇಳುವ ವಯಸ್ಸು ತನಗಿನ್ನೂ ಬಂದಿಲ್ಲ ಅಂದರು. ಊಟಕ್ಕೆ ಬೇಕಾದರೆ ಬಂದೇನು, ಕೆಂಪರಾಜು ಹಪ್ಪಳ ಸುಡದೆ ಕರಿದಿದ್ದರೆ.

"ಮಾತು ಯಾರಾಡ್ತಾರೆ?" ಅಂತ ಕೇಳಿದರು.

ಮಂಗಳ ಚಿಕ್ಕತಾಯಿಯ ಕಡೆ ನೋಡಿದಳು. ಚಿಕ್ಕತಾಯಿ ನೆಲ ನೋಡಿದಳು. ಆಮೇಲೆ ತಲೆಯೆತ್ತಿದಳು.

"ನಾನೇ ಸಾರ್."

"ಹಂಗಾದರೆ ಮೈಕಿನ ಸ್ಪೀಕರನ್ನು ಹೊಳೆ ಕಡೆ ತಿರುಗಿಸೋಕೆ ಹೇಳು. ನೀರಿನ ಮೇಲೆ ಮಾತು ಚೆನ್ನಾಗಿ ಬರುತ್ತೆ. ಇಲ್ಲೇ ಜಗಲಿ ಮೇಲೆ ಕೂತಿರ್ತೀನಿ."

ಹಂಡೆಯ ನೀರು ಗುಂಯ್ ಅನ್ನತೊಡಗಿತು. ಮೇಷ್ಟ್ರು ಟವೆಲು ಹೆಗಲಿಗೆ ಹಾಕಿಕೊಂಡರು. ಇಬ್ಬರೂ ಎದ್ದರು.

"ಹೋಗಿ ಬರ್ತೀನಿ ಸಾರ್," ಅಂದಳು ಮಂಗಳ.

ಚಿಕ್ಕತಾಯಿ ಬಗ್ಗಿ ಕಾಲು ಮುಟ್ಟಿದಳು. ಮೇಲೆದ್ದು ಹೇಳಲು ಬಾಯಿ ತೆರೆದಳು. ಹುಣಸೂರು, ಹಾಸನ, ಹೊಳೆನರಸೀಪುರ, ಯಾವುದೂ ನೆರವಿಗೆ ಬರಲಿಲ್ಲ. ಬಂದದ್ದು ಅವ್ವನ ಮಾತು.

"ಓಗ್ಬತ್ತೀನಿ ಸಾ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಆ ಕನ್ನಡಕ ಹಾಗೆ ಮೇಲೇರಿದರೆ ಮುಂದೇನು ಅಂತ ಆ ಸ್ಕೂಲಿನಲ್ಲಿ ಓದಿದ ಎಲ್ಲರಿಗೂ ಗೊತ್ತು. ಮಂಗಳ ಹಳೇ ಅಭ್ಯಾಸಬಲದಿಂದ ನೆಟ್ಟಗೆ ನಿಂತು, ಅಂಗೈ ಬಾಯಿಗೆ ಅಡ್ಡ ಹಿಡಿದು, ಹೇಳಲು ಉಸಿರೆಳೆದುಕೊಂಡೇ ಬಿಟ್ಟಳು.

ಮೇಷ್ಟ್ರು ಅವಳಿಗೆ ಬೆರಳು ಅಡ್ಡ ಮಾಡಿ ಸುಮ್ಮನಿರಿಸಿದರು. ಚಿಕ್ಕತಾಯಿಯ ಮುಖವನ್ನೇ ನೋಡಿದರು.

"ನೀನು," ಅಂದರು. "ಇನ್ನೊಂದು ಸಲ."